ಹೇಸರಗತ್ತೆ ವಾಪಸ್ ಹೋಯಿತೇ?

ಮರ್ಟನ್‌ಗೆ ಟೆಕ್ಸಸ್ಸಿನ ಮೇಲೆ ಇದ್ದ ದೂರುಗಳು ಮೂರು: ಬಿಸಿಲು, ಕೆಂಜಿರುವೆ ಮತ್ತು ಹೆಂಡತಿಯ ಅಕ್ಕ. (ಭಾನುವಾರದ ಊಟಕ್ಕೆ ಮೂರೂ ಒಟ್ಟಿಗೆ ಸಿಗುತ್ತಿದ್ದವು.) ನಿವೃತ್ತನಾದ ಮೇಲೆ ಓಹಾಯೋ ಬಿಟ್ಟು ಹೆಂಡತಿ ಲೋರೀನಳ ಊರಿಗೆ ಆತ ಬಂದದ್ದೇ ಒಂದು ಕರಾರಿನ ಮೇಲೆ. ಒಂದು ಬೇಸಿಗೆ ಇದ್ದು ನೋಡುವುದು. ಸೆಪ್ಟೆಂಬರ್ ಒಂದರಂದು ಆತ "ಸಾಕು" ಅಂದರೆ ಮರುಮಾತಿಲ್ಲದೆ ವಾಪಸ್.

"ಅಂಚೆಪೆಟ್ಟಿಗೆ ಮುಟ್ಟಿ ಕೈ ಸುಟ್ಟೋಯ್ತು ಕಣೇ! ಇದರಲ್ಲಿ ಕಾಗದ ಹಾಕ್ತೀರೋ, ರೊಟ್ಟಿ ಬೇಯಿಸ್ತೀರೋ?"

"ಎರಡೂ. ಕೈಗವಸು ಹಾಕ್ಕೊಳ್ರೀ," ಅಂದಳು ಲೋರೀನ್.

ಜೂನಿನ ಒಂದು ಭಾನುವಾರ ಅಕ್ಕನ ಮನೆಯ ಊಟ ತಪ್ಪಿಸಲು "ಮೊಳೆ ತರ್ತೀನಿ" ಎಂದು ಹೊರಟ. (ಭಾನುವಾರ ಅಂಗಡಿ ಮುಚ್ಚಿರುತ್ತದೆಂದು ಗೊತ್ತಿದ್ದೇ ಹೊರಟ.) ಅಂಗಡಿಯ ಹಿಂದಿನ ಓಕ್ ಮರದ ಕೆಳಗೆ ಏಳೆಂಟು ಜನ ಗಿಟಾರು, ಪಿಟೀಲು ಹಿಡಿದು ದುಂಡಗೆ ಕೂತಿದ್ದರು. ಸರದಿ ಬಂದವರು ಹಾಡಬೇಕು, ಮಿಕ್ಕವರು ಉಸಿರೆತ್ತಬಾರದು. ಹಿಂದೆ ದನದ ಡಾಕ್ಟರಾಗಿದ್ದ ಮುದುಕ ಓಥೋ ಒಂದು ಹೇಸರಗತ್ತೆಯ ಕಥೆ ಹಾಡುತ್ತಿದ್ದ. ತಂಪು ಸೀಮೆಯ ಆ ಮಹಾಪ್ರಾಣಿ ಟೆಕ್ಸಸ್ಸಿಗೆ ಬಂದು, ಬಿಸಿಲಿಗೆ ಮುಖ ಸಿಂಡರಿಸಿ, ಇರುವೆ ಕಚ್ಚಿ ಕುಣಿದು, ದಿನವೂ ಯಜಮಾನಿಯ ಮುಂದೆ ಗೋಳಾಡುತ್ತದೆ. ಮರ್ಟನ್ ನಕ್ಕು ನಕ್ಕು ಬೆಂಚಿನಿಂದ ಜಾರಿದ.

ಆರು ಚರಣಕ್ಕೆ ಓಥೋ ನಿಲ್ಲಿಸಿಬಿಟ್ಟ.

"ಆಮೇಲೆ? ಕತ್ತೆ ವಾಪಸ್ ಹೋಯ್ತಾ?"

"ನಂಗೂ ಗೊತ್ತಿಲ್ಲ ಕಣಪ್ಪ. ಮುಂದಿನ ವಾರ ಬಾ."

ಮರ್ಟನ್ ಪ್ರತಿ ವಾರ ಹೋದ. ಒಂದು ಮೊಳೆಯೂ ಮನೆಗೆ ಬರಲಿಲ್ಲ, ಲೋರೀನ್ ಕೇಳಲೂ ಇಲ್ಲ. ಕತ್ತೆಯ ಗೊರಸು ತಗಡಿನ ತೊಟ್ಟಿಗೆ ತಗುಲಿ ಸುಟ್ಟ ವಾರ ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ. "ಎಂಥ ಹಟಮಾರಿ! ಇಷ್ಟು ಒಳ್ಳೆ ಊರು ಬಿಟ್ಟು ಹೋಗ್ತದಂತೆ!" ಎಂದು ಕತ್ತೆಗೆ ಬೈದ. ಪಿಟೀಲಿನವಳು ಸತ್ತ ಗಂಡನನ್ನು ನೆನೆದು ಹಾಡಿದಾಗ ಕಣ್ಣೊರೆಸಿಕೊಂಡ. ನಿಜ ಹೇಳಬೇಕೆಂದರೆ ಆ ಮಂದಿ, ಆ ಮರ, ಕೊನೆಗೆ ಆ ಬಿಸಿಲು ಕೂಡ ಅವನಿಗೆ ಬಲು ಇಷ್ಟವಾಗಿತ್ತು. ಮನೆಯಲ್ಲಿ ಮಾತ್ರ ಹಳೇ ಗೊಣಗಾಟವೇ. ಗೆಲ್ಲುವ ದಾವೆಯನ್ನು ಯಾವ ಗಂಡ ಬಿಟ್ಟಾನು?

ಆಗಸ್ಟ್ ಕೊನೆಯ ಭಾನುವಾರ ಲೋರೀನ್ ಅಟ್ಟದಿಂದ ಪೆಟ್ಟಿಗೆಗಳನ್ನು ಇಳಿಸಿದಳು. "ನಾಳೆ ಒಂದನೇ ತಾರೀಕು. ನೀವು ಪಟ್ಟ ಪಾಡು ಸಾಕು. ಹೋಗೋಣ ನಡೀರಿ."

ಮರ್ಟನ್ ಮೊಳೆಯ ನೆಪವನ್ನೂ ಹೇಳದೆ ಓಕ್ ಮರದತ್ತ ಓಡಿದ.

"ಓಥೋ, ಇವತ್ತೇ ಮುಗಿಸು! ಕತ್ತೆ ಹೋಯ್ತಾ, ಉಳೀತಾ?"

"ನಾನು ಬರೀ ರಾಗ ಹಾಕೋನಪ್ಪ. ಪ್ರತಿ ಶುಕ್ರವಾರ ಅಂಗಡೀಲಿ ಕತ್ತೆ ಸುದ್ದಿ ಕೊಡೋಳು ಅದರ ಯಜಮಾನಿ. ಅಗೋ, ಬಂದಳು."

ಮರ್ಟನ್ ತಿರುಗಿ ನೋಡಿದ. ಲೋರೀನ್, ಕೈಯಲ್ಲಿ ಪೀಚ್ ಹಣ್ಣಿನ ಕಡುಬು. ಬಿಸಿಲು, ಇರುವೆ, ಸುಟ್ಟ ಗೊರಸು, ಬೇಸಿಗೆಯಿಡೀ ತಾನೇ ಹೊಟ್ಟೆ ಹಿಡಿದು ನಕ್ಕ ನಗು, ಎಲ್ಲ ಒಮ್ಮೆಗೇ ತಲೆಗೆ ಹತ್ತಿತು.

"ಕೊನೇ ಚರಣ ನಂಗೂ ಗೊತ್ತಿಲ್ಲ," ಅಂದಳು ಲೋರೀನ್. "ಕತ್ತೇನೇ ಹೇಳ್ಬೇಕು."

"ಸರದಿ ನಿಂದೇ," ಅಂದ ಓಥೋ. ಯಾರೂ ಉಸಿರೆತ್ತಲಿಲ್ಲ.

"ಉಳೀತದೆ," ಅಂದ ಮರ್ಟನ್, ನೆಲ ನೋಡುತ್ತ.

"ಹಾಗಾದ್ರೆ ಇನ್ಮೇಲೆ ಭಾನುವಾರ ಮೊದಲು ಅಕ್ಕನ ಮನೆ ಊಟ, ಆಮೇಲೆ ಹಾಡು."

ಮರ್ಟನ್ ಮುಖ ಸಿಂಡರಿಸಿದ. ಅಷ್ಟರಲ್ಲಿ ಓಥೋ ಮುಂದಿನ ಚರಣಕ್ಕೆ ಗಿಟಾರು ಎತ್ತಿಕೊಂಡಾಗಿತ್ತು.