ಫ್ರೆಂಚ್ ಗಾಡಿಗೆ ಚೆಂಡುಹೂವಿನ ಮಾಲೆ

ಕೆಲವರಿಗೆ ಮೊಮ್ಮಕ್ಕಳ ಫೋಟೋ ತೋರಿಸುವ ಚಟ, ಕೆಲವರಿಗೆ ತಮ್ಮ ಆಪರೇಷನ್ನಿನ ಕಥೆ ಹೇಳುವ ಚಟ. ನನಗೆ ನಮ್ಮ ಕಾರಿನ ಕಂಪನಿಯ ಚರಿತ್ರೆ ಹೇಳುವ ಚಟ. ಮುಚ್ಚಿಟ್ಟು ಪ್ರಯೋಜನವಿಲ್ಲ, ಗಂಗಾವತಿಯಲ್ಲಿ ನನ್ನನ್ನು ದೂರದಿಂದ ಕಂಡು ರಸ್ತೆ ದಾಟುವವರಿಗೆಲ್ಲ ಇದು ಗೊತ್ತಿರುವ ವಿಷಯವೇ. ಮನೆಗೆ ಚಹಾಕ್ಕೆ ಬಂದವರು ಅಂಗಳದ ಕಾರಿನ ಕಡೆ ಒಮ್ಮೆ ಕಣ್ಣು ಹಾಯಿಸಿದರೆ ಸಾಕು, ನಾನು ಕುರ್ಚಿ ಎಳೆದುಕೊಂಡು ಫ್ರಾನ್ಸಿನಿಂದ ಶುರು ಮಾಡುತ್ತೇನೆ. ತಿಳಿದವರು ಈಗ ಕಾರಿಗೆ ಬೆನ್ನು ಹಾಕಿ ಕೂರುವುದನ್ನು ಕಲಿತಿದ್ದಾರೆ.

ನಮ್ಮ ಕಾರು ಎಂದೆನಲ್ಲ, ನಿಜವಾಗಿ ಅದು ನನ್ನ ಹೆಂಡತಿ ಗಿರಿಜಾಳದು, ಅವಳ ತಂದೆಯಿಂದ ಬಂದದ್ದು. ಮುನಿರಾಬಾದಿನಲ್ಲಿ ಗುತ್ತಿಗೆ ಕೆಲಸ ಮಾಡಿಸುತ್ತಿದ್ದ ಮಾವನವರಿಗೆ ಊರು ಬಿಟ್ಟು ಹೊರಟ ಇಂಜಿನಿಯರೊಬ್ಬರು ಈ ಫ್ರೆಂಚ್ ಗಾಡಿಯನ್ನು ಕೊಟ್ಟು ಹೋದರಂತೆ. ಮಾವ ತೀರಿಕೊಂಡ ಮೇಲೆ ಅದು ಹುಣಸೆಮರದ ಕೆಳಗೆ ನಿಂತು ಕೋಳಿಗಳ ವಾಸದ ಮನೆಯಾಗಿತ್ತು. ನಾನು ಮೊದಲ ಸಲ ಬಾಗಿಲು ತೆರೆದಾಗ ಹಿಂದಿನ ಸೀಟಿನಲ್ಲಿ ಕಾವಿಗೆ ಕೂತ ಕೋಳಿಯೊಂದು ನನ್ನನ್ನು ನೋಡಿದ ರೀತಿ ಇನ್ನೂ ಮರೆತಿಲ್ಲ. ನೀರಾವರಿ ಇಲಾಖೆಯಲ್ಲಿ ಯಾವ ಮೇಲಧಿಕಾರಿಯೂ ನನ್ನನ್ನು ಹಾಗೆ ನೋಡಿರಲಿಲ್ಲ. ನಿವೃತ್ತನಾದ ಮೇಲೆ ಗಾಡಿಯನ್ನು ಮಿಸ್ತ್ರಿ ಮೆಹಬೂಬಸಾಬನ ಗ್ಯಾರೇಜಿಗೆ ಎಳೆಸಿದೆ. "ಸಾಹೇಬ್ರ, ಇಂಜಿನ್ ಮಜಬೂತ್ ಐತ್ರಿ, ಸಾಮಾನು ಒಂದ ಸಿಗಂಗಿಲ್ಲ" ಎಂದ ಅವನು, ಟ್ರ್ಯಾಕ್ಟರಿನದೊಂದು, ಭತ್ತದ ಮಿಲ್ಲಿನದೊಂದು ಸಾಮಾನು ತಂದು ಕೂರಿಸಿ ಅದಕ್ಕೆ ಜೀವ ಕೊಟ್ಟ. ಮುಂಭಾಗದ ಅಗಲ ಬಾಯಿ ನೋಡಿ ಓಣಿಯ ಹುಡುಗರು 'ಕಪ್ಪಿ ಗಾಡಿ' ಎಂದು ನಾಮಕರಣ ಮಾಡಿದರು. ಕಪ್ಪೆಯಂತೆಯೇ ಇದೆ, ಸುಳ್ಳು ಹೇಳಬಾರದು.

ಇನ್ನು ಚರಿತ್ರೆ. ಓದುಗರಿಗೆ ಬೆನ್ನು ಹಾಕಿ ಕೂರುವ ಅನುಕೂಲವಿಲ್ಲವಾದ್ದರಿಂದ ಚುಟುಕಾಗಿ ಹೇಳುತ್ತೇನೆ. ಈ ಕಂಪನಿ ಕಟ್ಟಿದ ಪುಣ್ಯಾತ್ಮ ಮೊದಲು ಹಿಟ್ಟಿನ ಗಿರಣಿಗಳಿಗೆ ಜರಡಿ ಮಾಡುತ್ತಿದ್ದ. ಜರಡಿಯ ತಂತಿಯಿಂದ ಸೈಕಲ್ಲಿನ ಕಡ್ಡಿಗೆ ಬಂದ, ಕಡ್ಡಿಯಿಂದ ಸೈಕಲ್ಲಿಗೆ, ಸೈಕಲ್ಲಿನಿಂದ ಕಾರಿಗೆ. ತಲೆಯ ಮೇಲಿನ ಟೊಪ್ಪಿಗೆ ತೆಗೆಯದೆ ಕೂರುವಂತಿರಬೇಕು ಎಂಬುದು ಅವನ ಹಟ. ಅದಕ್ಕೇ ನಮ್ಮ ಗಾಡಿಯ ಚಾವಣಿ ಅಷ್ಟು ಎತ್ತರ. ಕೊನೆಗೆ ಒಂದು ದಿನ ಕಂಪನಿ ಮುಚ್ಚಿತು. ಇದೆಲ್ಲ ನಾನು ಮೊಬೈಲಿನಲ್ಲಿ ಫ್ರೆಂಚನ್ನು ಕನ್ನಡ ಮಾಡಿಕೊಂಡು ಓದಿದ್ದು. ಹಾಗಾಗಿ ಅರ್ಧ ಅವನ ಚರಿತ್ರೆ, ಅರ್ಧ ಮೊಬೈಲಿನದು. ಗಿರಿಜಾ ಮಾತ್ರ ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದ್ದಳು: "ಅಲ್ರೀ, ಅಂವಗ ಹೆಂಡ್ತಿ ಇದ್ದಿಲ್ಲೇನ್?" ಮೊಬೈಲು ಆ ಬಗ್ಗೆ ಏನೂ ಹೇಳಿರಲಿಲ್ಲ.

ಗಾಡಿಗೆ ಒಂದು ದುರ್ಗುಣ, ನಡುದಾರಿಯಲ್ಲಿ ನಿಲ್ಲುವುದು. ಬಸ್ ಸ್ಟ್ಯಾಂಡಿನೆದುರು ನಿಂತಿತು, ಕೊಪ್ಪಳದ ಸಂತೆಯಲ್ಲಿ ನಿಂತಿತು. ಇದನ್ನೇ ಕಾಯುತ್ತಿದ್ದವನು ಗಿರಿಜಾಳ ದೂರದ ಸಂಬಂಧಿ, ರೈಸ್ ಮಿಲ್ಲಿನ ಶರಣಪ್ಪ. ಮಿಲ್ಲಿನ ಗೇಟಿನೆದುರು ಕಟ್ಟೆ ಕಟ್ಟಿಸಿ, ಗಾಡಿಗೆ ತನ್ನ ಅಕ್ಕಿ ಚೀಲದ ಬಣ್ಣ ಬಳಿದು ಜಾಹೀರಾತಿಗೆ ನಿಲ್ಲಿಸುವುದು ಅವನ ಆಸೆ. ಕೊಪ್ಪಳದಿಂದ ಎಳೆಸಿಕೊಂಡು ಬಂದ ದಿನ ಗಿರಿಜಾ ಅವನೆದುರೇ ಹೇಳಿಬಿಟ್ಟಳು: "ಇನ್ನೊಮ್ಮೆ ನಿಂತ್ರ ಗಾಡಿ ನಿಂದ ನೋಡಪಾ." ನನಗೆ ಅಂದು ಊಟ ಸೇರಲಿಲ್ಲ. ಆ ಗಾಡಿಯನ್ನು ನಾನು ರಿಪೇರಿ ಮಾಡಿಸಿದ್ದು ಅವಳಿಗಾಗಿ. ಅಪ್ಪನ ಪಕ್ಕ ಕೂತು ಮುನಿರಾಬಾದಿನ ತುಂಬ ತಿರುಗಿದ್ದನ್ನು ಅವಳು ಹೇಳುವಾಗ ಮುಖ ಚಿಕ್ಕ ಹುಡುಗಿಯದಾಗುತ್ತಿತ್ತು. ಇದನ್ನು ಮಾತ್ರ ಯಾರಿಗೂ ಹೇಳಿಲ್ಲ, ಅವಳಿಗೂ.

ಮೊನ್ನೆ ಕುಷ್ಟಗಿಯಲ್ಲಿ ಅವಳ ತಂಗಿಯ ಮೊಮ್ಮಗಳಿಗೆ ಹೆಸರಿಡುವ ಕಾರ್ಯ. ಅವಳ ತವರಿನ ಕೂಸುಗಳೆಲ್ಲ ಮಲಗಿದ ಮರದ ತೊಟ್ಟಿಲು ನಮ್ಮ ಮನೆಯಲ್ಲಿದೆ, ಮಧ್ಯಾಹ್ನದೊಳಗೆ ಮುಟ್ಟಿಸಬೇಕು. ತೊಟ್ಟಿಲನ್ನು ಗಾಡಿಯ ಮೇಲೆ ಕಟ್ಟಿದೆವು. ಶುಭಕಾರ್ಯಕ್ಕೆ ಹೊರಟ ಗಾಡಿ ಬೋಳಾಗಿ ಹೋಗಬಾರದೆಂದು ನಾನು ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು, ಕಪ್ಪೆಬಾಯಿ ಮುಚ್ಚುವಂತೆ ಚೆಂಡುಹೂವಿನ ದಪ್ಪ ಮಾಲೆಗಳನ್ನು ಸಾಲಾಗಿ ಬಿಗಿದೆ. ಮದುಮಗನೂ ನಾಚಬೇಕು, ಅಷ್ಟು ಚೆಂದ ಕಂಡಿತು. ಕನಕಗಿರಿ ದಾಟುವಷ್ಟರಲ್ಲಿ ಮದುಮಗ ಬುಸುಗುಟ್ಟತೊಡಗಿ, ಹೊಗೆ ಉಗುಳಿ, ನಿಂತೇಬಿಟ್ಟ.

ಹಿಂದಿನಿಂದ ಜೀಪಿನ ಹಾರ್ನ್ ಕೇಳಿಸಿತು. ಅದೇ ಕಾರ್ಯಕ್ಕೆ ಹೊರಟಿದ್ದ ಶರಣಪ್ಪ. ಇಳಿಯುವಾಗಲೇ ಕೈಯಲ್ಲಿ ಹಗ್ಗವಿತ್ತು. "ಅಕ್ಕಾರ, ಮಾತ ಮಾತಲ್ರಿ? ತೊಟ್ಟಿಲಾ ಜೀಪಿನ್ಯಾಗ ಇಡ್ರಿ, ಗಾಡಿ ಎಳಕೊಂಡ ಹೋಗತೇನಿ."

ಗಿರಿಜಾ ಕೆಳಗಿಳಿದಳು. ಗಾಡಿಯ ಮುಂದೆ ಹೋಗಿ ಮಾಲೆಗಳನ್ನು ಒಂದೊಂದಾಗಿ ಕಿತ್ತಳು. ಒಳಗೆ ಬೆಂದ ಚೆಂಡುಹೂವಿನ ವಾಸನೆ ಬಂತು. "ನಮ್ಮಪ್ಪ ದಸರಾದಾಗೂ ಮುಂದ ಒಂದ ಎಳಿ ಹೂ ಅಷ್ಟ ಕಟ್ತಿದ್ದ. ಗಾಳಿ ಹೋಗೂ ಬಾಯಿಗೆ ಹೂ ತುರುಕಿದ್ರ ಇಂಜಿನ್ ಕಾಯಲಾರದ ಏನ್ ಮಾಡೀತು?"

"ಗೊತ್ತಿದ್ರ ಮುಂಜಾನೇನ ಹೇಳಬೇಕಿಲ್ಲೋ!" ಎಂದೆ.

"ಹೇಳಾಕ ಬಂದಿದ್ದೆ. ಬಾಜೂ ಮನಿಯವರಿಗೆ ಜರಡಿ ಕಥಿ ಹೇಳಾಕ ಹತ್ತಿದ್ರಿ. 'ಒಂದ ನಿಮಿಷ ತಡಿ' ಅಂದ್ರಿ. ಆ ನಿಮಿಷ ಇನ್ನೂ ಮುಗಿದಿಲ್ಲ."

ಶರಣಪ್ಪ ಹಗ್ಗ ಬಿಚ್ಚತೊಡಗಿದ್ದ. ಗಿರಿಜಾ ಅವನ ಕಡೆ ತಿರುಗಿದಳು. "ತಮ್ಮಾ, ನಿನ್ನ ಜೀಪಿನ್ಯಾಗ ನೀರಿನ ಕ್ಯಾನ್ ಇದ್ರ ಕೊಡು. ಹಗ್ಗ ನಿನ್ನ ಕಡೇನ ಇರಲಿ. ಗಾಡಿ ತಾನಾಗಿ ನಿಂತಿದ್ರ ಕೊಡತಿದ್ದೆ. ಇದನ್ನ ಇವ್ರು ನಿಂದ್ರಿಸ್ಯಾರ. ಬೇಕಾದ್ರ ಇವ್ರನ್ನ ಒಯ್ದು ನಿನ್ನ ಗೇಟಿನ ಮುಂದ ನಿಂದ್ರಿಸ್ಕೋ."

ಶರಣಪ್ಪ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದ. ಅಕ್ಕಿ ಚೀಲದ ಬಣ್ಣ ನನಗೆ ಒಪ್ಪದು ಎನ್ನಿಸಿರಬೇಕು, ಸುಮ್ಮನೆ ನೀರಿನ ಕ್ಯಾನ್ ತಂದುಕೊಟ್ಟ. ಇಂಜಿನ್ ಆರುವವರೆಗೆ ಗಿರಿಜಾ ಸೆರಗಿನಿಂದ ಗಾಡಿಯ ಮೂತಿ ಒರೆಸುತ್ತ ನಿಂತಿದ್ದಳು. ಅವಳಿಗೆ ಗಾಡಿ ಬೇಡವಾಗಿದೆ ಎಂದುಕೊಂಡಿದ್ದ ನಾನು ಕಿತ್ತ ಮಾಲೆಗಳನ್ನು ಎತ್ತಿ ದಾರಿಬದಿಗೆ ಹಾಕಿದೆ. ನೀರು ತುಂಬಿಸಿದ ಮೇಲೆ ಗಾಡಿ ಒಂದೇ ಸಲಕ್ಕೆ ಚಾಲೂ ಆಯಿತು.

ತೊಟ್ಟಿಲು ಹೊತ್ತಿಗೆ ಮುಟ್ಟಿತು, ಕೂಸು ಮಲಗಿತು. ಊಟವಾದ ಮೇಲೆ ಬೀಗರೊಬ್ಬರು ಗಾಡಿ ನೋಡಿ ತಿಳಿಯದೆ ಕೇಳಿಯೇಬಿಟ್ಟರು, "ಇದ್ಯಾವ ಗಾಡಿರೀ?" ನಾನು ಕುರ್ಚಿ ಎಳೆದುಕೊಂಡೆ. ಆದರೆ ಈ ಸಲ ಚರಿತ್ರೆಗೆ ಒಂದು ಅಧ್ಯಾಯ ಸೇರಿಸಿದೆ. ಆ ಜರಡಿಯವನಿಗೆ ಹೆಂಡತಿಯೊಬ್ಬಳಿದ್ದಳು, ಕಾರ್ಖಾನೆಯಿಂದ ಯಾವ ಕಾರು ಹೊರಟರೂ ಮೊದಲು ಅವಳು ಒಂದು ಸುತ್ತು ಹಾಕಿ ನೋಡುತ್ತಿದ್ದಳು, ಕಂಪನಿ ಬೆಳೆದದ್ದೇ ಅವಳಿಂದ ಎಂದೆ.

ತೊಟ್ಟಿಲು ತೂಗುತ್ತಿದ್ದ ಗಿರಿಜಾ ತಲೆ ಎತ್ತಲಿಲ್ಲ. "ಅಂಥಾಕಿ ಇದ್ರೂ ಕಂಪನಿ ಮುಚ್ಚಿದ್ಯಾಕ ಮತ್ತ?"

"ಒಂದ ಸಲ ಆಕಿ ಏನೋ ಹೇಳಾಕ ಬಂದಾಗ," ಎಂದೆ, "'ಒಂದ ನಿಮಿಷ ತಡಿ' ಅಂದನಂತ."