ಖುರಾನಾ ಅಂಕಲ್ ದೋಣಿಗೆ ನಾನು ಮೋಟಾರು ಕೂಡಿಸಿದ್ದು

ದೆಹಲಿ ಕಡೆಯವರ ಭೂಗೋಳದ ಪ್ರಕಾರ ವಿಂಧ್ಯ ದಾಟಿದರೆ ಸಿಗುವುದೆಲ್ಲ ಸಮುದ್ರ ತೀರವೇ. ನಮ್ಮೂರು ಚಿತ್ರದುರ್ಗ. ಅಲ್ಲಿ ನಾನು ಕಂಡ ಅತಿ ದೊಡ್ಡ ಜಲರಾಶಿ ಎಂದರೆ ಬೀದಿಗೆ ಬರುತ್ತಿದ್ದ ನೀರಿನ ಟ್ಯಾಂಕರು. ಆದರೂ ಗುಡಗಾಂವಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕೆಳಮನೆಯ ಖುರಾನಾ ಅಂಕಲ್ ಒಂದು ಸಂಜೆ, "ರಾವ್ ಸಾಬ್, ನೀವು ಸಮುಂದರ್ ಕಡೆಯವರು. ದೋಣಿ ಗೀಣಿ ಎಲ್ಲ ಗೊತ್ತಿರಬೇಕಲ್ಲ?" ಎಂದಾಗ ನಾನು ಇಲ್ಲ ಎನ್ನಲಿಲ್ಲ. ಗಂಭೀರವಾಗಿ ಮುಗುಳ್ನಕ್ಕೆ. ಅನರ್ಥಕ್ಕೆ ಅಷ್ಟು ಸಾಕಾಯಿತು!

ಖುರಾನಾ ಅಂಕಲ್ ನಿವೃತ್ತ ಬ್ಯಾಂಕ್ ಮ್ಯಾನೇಜರು. ಅವರಿಗಿದ್ದ ಒಂದೇ ಚಟ ಮೀನು ಹಿಡಿಯುವುದು. ಸೋಹ್ನಾ ರಸ್ತೆಯಲ್ಲಿ ಅವರ ಗೆಳೆಯರದೊಂದು ತೋಟ, ತೋಟದಲ್ಲೊಂದು ಕೊಳ, ಕೊಳದಲ್ಲಿ ಇವರದೊಂದು ಪುಟ್ಟ ಫೈಬರ್ ದೋಣಿ. ಆದರೆ ಹೃದಯದ ಆಪರೇಷನ್ ಆದ ಮೇಲೆ ಡಾಕ್ಟರು ಹುಟ್ಟು ಹಾಕಕೂಡದು ಎಂದುಬಿಟ್ಟಿದ್ದರು. ಕೆನಡಾದಲ್ಲಿದ್ದ ಮಗ ಒಂದು ಮೋಟಾರು ಕಳಿಸಿದ್ದ. ಮೇಲೆ ಹಿಡಿಕೆ, ನಡುವೆ ಉದ್ದನೆಯ ಕೊಳವೆ, ಕೆಳಗೆ ಅಂಗೈಯಗಲದ ಫ್ಯಾನು. ದೋಣಿಯ ಹಿಂದಿನ ಹಲಗೆಗೆ ಕಚ್ಚಿಸಿ ಬ್ಯಾಟರಿಗೆ ತಂತಿ ಕೊಟ್ಟರೆ ದೋಣಿ ಸದ್ದಿಲ್ಲದೆ ಸಾಗುತ್ತದಂತೆ. ಕೂಡಿಸುವವರಿಲ್ಲದೆ ಎರಡು ತಿಂಗಳಿಂದ ಅದು ದಿವಾನದ ಕೆಳಗೆ ಮಲಗಿತ್ತು.

"ಒಂದು ಸಲ ನೀರಿಗಿಳಿದರೆ ಸಾಕು ಬೇಟಾ," ಎಂದರು ಅಂಕಲ್. ಅವರ ಮುಖ ನೋಡಿ ನನ್ನೊಳಗಿನ ನಾವಿಕ ಎದ್ದು ನಿಂತ. "ಭಾನುವಾರ ಬೆಳಿಗ್ಗೆ. ಎಲ್ಲ ನನಗೆ ಬಿಡಿ," ಎಂದೆ. ನಾನು ಕಂಪನಿಯಲ್ಲಿ ಹೊಸಬರಿಗೆ ಆತ್ಮವಿಶ್ವಾಸದ ಬಗ್ಗೆ ಪಾಠ ಹೇಳುವವನು. ನನ್ನಲ್ಲಿರುವ ಸರಕು ಅದೊಂದೇ.

ಹೆಂಡತಿ ವಸುಧಾ ಎಚ್ಚರಿಸಿದಳು: "ರೀ, ನಿಮಗೆ ಮಿಕ್ಸಿ ಪ್ಲಗ್ ಬದಲಾಯಿಸೋಕೇ ಬರಲ್ಲ."

"ಮಿಕ್ಸಿ ಬೇರೆ, ನೌಕೆ ಬೇರೆ."

ಹತ್ತು ವರ್ಷದ ಮಗಳು ಅಪೂರ್ವಾ ಡಬ್ಬಿಯೊಳಗಿದ್ದ ಪುಸ್ತಕ ಹಿಡಿದು ಬಂದಳು. "ಪಪ್ಪಾ, ಮ್ಯಾನುವಲ್ ಪಢ್ ತೋ ಲೋ!"

"ಅನುಭವಸ್ಥರು ಪುಸ್ತಕ ಓದಬೇಕಿಲ್ಲ ಪುಟ್ಟಾ."

ಬ್ಯಾಟರಿ ಎಲ್ಲಿಂದ ತರುವುದು? ಹನ್ನೆರಡು ವೋಲ್ಟಿನ ದಷ್ಟಪುಷ್ಟ ಬ್ಯಾಟರಿಯೊಂದು ನಮ್ಮ ಮನೆಯಲ್ಲೇ ಇನ್ವರ್ಟರಿನ ಕೆಳಗೆ ಕೂತಿತ್ತು. ಶನಿವಾರ ಮಧ್ಯಾಹ್ನ ವಸುಧಾಳಿಗೆ "ಸರ್ವಿಸ್‌ಗೆ ಕೊಡ್ತೀನಿ" ಎಂದು ಹೇಳಿ, ವಾಚ್‌ಮನ್ ಭಯ್ಯಾನ ಕೈಲಿ ಹೊರಿಸಿ, ಗೋಣಿಚೀಲ ಸುತ್ತಿ ಅಂಕಲ್ ಕಾರಿನ ಡಿಕ್ಕಿಗೆ ಸೇರಿಸಿದೆ. ಸೊಂಟ ಹಿಡಿದದ್ದು ವಾಚ್‌ಮನ್‌ಗೆ. ಬೆವತದ್ದು ನಾನು!

ಭಾನುವಾರ ಎಲ್ಲರೂ ಕೊಳದ ದಡ ಸೇರಿದೆವು. ವಸುಧಾ ಮರದಡಿ ಚಿತ್ರಾನ್ನದ ಡಬ್ಬಿ ಬಿಚ್ಚುತ್ತಿರುವಾಗ ನಾನು ಕಾರ್ಯಾರಂಭ ಮಾಡಿದೆ. ಮೋಟಾರಿನ ತಿರುಪು ಹಲಗೆಗೆ ಗೀರು ಮಾಡೀತೆಂದು ನಡುವೆ ಟವೆಲ್ ಮಡಚಿಟ್ಟು ಬಿಗಿದೆ. ಆ ಮುಂದಾಲೋಚನೆಗೆ ನನಗೆ ನಾನೇ ಶಹಭಾಸ್ ಹೇಳಿಕೊಂಡೆ. ಆಮೇಲೆ ತಂತಿ. ಒಂದು ಕೆಂಪು, ಒಂದು ಕಪ್ಪು. ಬ್ಯಾಟರಿಯ ಮೇಲೆ ಪ್ಲಸ್ಸು ಮೈನಸ್ಸು ಎರಡೂ ಕಾಣಲಿಲ್ಲ. ಹತ್ತು ದಿನದ ಹಿಂದೆ ಆಯುಧಪೂಜೆಯಲ್ಲಿ ವಸುಧಾ ಎರಡೂ ಕಡೆ ಅರಿಶಿನ ಕುಂಕುಮ ಮೆತ್ತಿದ್ದಳು. ಯಾವ ಕಡೆ ಕುಂಕುಮ ಹೆಚ್ಚಿತ್ತೋ ಆ ಕಡೆಗೆ ಕೆಂಪು ತಂತಿ ಕೊಟ್ಟೆ. ಧರ್ಮ, ವಿಜ್ಞಾನ ಎರಡಕ್ಕೂ ಸಮ್ಮತವೆನಿಸಿತು.

ಹುಟ್ಟುಗಳನ್ನು ದಡದಲ್ಲೇ ಬಿಟ್ಟೆ. ಮೋಟಾರಿದ್ದ ಮೇಲೆ ಹುಟ್ಟು ಅವಮಾನವಲ್ಲವೇ?

ಅಂಕಲ್, ನಾನು, ಬ್ಯಾಟರಿ, ಮೋಟಾರು, ನಾಲ್ವರೂ ಹಿಂದುಗಡೆ. ದೋಣಿಯ ಮೂತಿ ಆಕಾಶ ನೋಡತೊಡಗಿತು. "ವಸುಧಾ, ಬಾ, ಮುಂದೆ ಕೂತ್ಕೋ," ಎಂದು ಕರೆದೆ.

"ಯಾಕೆ?"

"ಭಾರಕ್ಕೆ."

ಹೆಂಡತಿಗೆ ಸತ್ಯ ಹೇಳಬೇಕು, ನಿಜ. ಎಲ್ಲವನ್ನೂ ಅಲ್ಲ! ಅಂಕಲ್ ಮುಖ ನೋಡಿ ಅವಳು ಹತ್ತಿದಳು. ದೋಣಿ ಸಮವಾಯಿತು. ನಾನು ದಡಕ್ಕೆ ಕೈಯೂರಿ ದೋಣಿಯನ್ನು ದೂರ ತಳ್ಳಿದೆ. ಅವಳ ಕಣ್ಣು ನಿಧಾನವಾಗಿ ಬ್ಯಾಟರಿಯ ಮೇಲೆ ಬಿತ್ತು.

"ರೀ... ಆ ಕುಂಕುಮ ನಂದು!"

ಉತ್ತರ ಕೊಡುವುದಕ್ಕಿಂತ ಹೊರಡುವುದೇ ಲೇಸೆಂದು ಹಿಡಿಕೆಯನ್ನು ಪೂರ್ತಿ ತಿರುಗಿಸಿದೆ. ದೋಣಿ ಹೊರಟಿತು. ಹಿಂದಕ್ಕೆ!

"ಆಗೇ, ಆಗೇ! ಮುಂದಕ್ಕೆ!" ಎಂದು ಅಂಕಲ್ ಕೂಗಿದರು. ಹಿಂದುಗಡೆ ಕೊಳದ ಮೂಲೆಯಲ್ಲಿ ಏಳೆಂಟು ಎಮ್ಮೆಗಳು ನೀರಲ್ಲಿ ಮಲಗಿದ್ದವು. ಗಾಬರಿಯಲ್ಲಿ ನಾನು ಹಿಡಿಕೆಯನ್ನು ಇನ್ನಷ್ಟು ಒತ್ತಿದೆ. ಹಲಗೆ ದಾಟಿ ನೀರು ನನ್ನ ಬೆನ್ನಿಗೆ ರಾಚಿತು. ಎಮ್ಮೆಗಳು ತಲೆಯೆತ್ತಿ ಅತಿಥಿಗಳನ್ನು ನೋಡಿದವು. ದಡದಿಂದ ಅಪೂರ್ವಾ ಪುಸ್ತಕ ಓದುತ್ತಿದ್ದಳು: "ಪಪ್ಪಾ, ಪೇಜ್ ಫೋರ್! ತಂತಿ ಉಲ್ಟಾ ಲಗಾಯಾ ತೋ ಫ್ಯಾನ್ ಉಲ್ಟಾ ತಿರುಗುತ್ತೆ!"

ನಾನು ಏನಾದರೂ ಮಾಡುವ ಮೊದಲೇ ಟವೆಲ್ ಜಾರಿತು. ಅದರ ಹಿಂದೆಯೇ ಮೋಟಾರೂ ಜಾರಿ ಗುಳುಂ ಎಂದಿತು! ತಂತಿ ಬ್ಯಾಟರಿಯಿಂದ ಕಿತ್ತುಬಂದು, ನನ್ನ ಕಾಲಿಗೆ ತೊಡರಿ ನಿಂತಿತು. ನಾನು ಕಾಲಿನಲ್ಲೇ ಮೋಟಾರನ್ನು ಹಿಡಿದು ಕೂತೆ. ದೋಣಿ ಕೊಳದ ನಟ್ಟನಡುವೆ ನಿಂತಿತು. ಹುಟ್ಟಿಲ್ಲ. ನನಗೆ ಈಜು ಬಾರದು.

"ಸಮುಂದರ್ ಕಡೆಯವರಿಗೆ ಈಜು ಬರಲ್ವಾ?" ಅಂಕಲ್ ಬೆರಗಾದರು.

"ಅಂಕಲ್, ಇವರೂರಲ್ಲಿ ಸ್ನಾನಕ್ಕೇ ನೀರಿಲ್ಲ," ಎಂದಳು ವಸುಧಾ.

ನಾನು ಬೇರೆ ದಾರಿ ಕಾಣದೆ "ಬಚಾವೋ! ಬಚಾವೋ!" ಎಂದು ಅರಚಿದೆ. ಎಮ್ಮೆ ಕಾಯುತ್ತಿದ್ದ ಮುದುಕಿಯೊಬ್ಬಳು ಎದ್ದಳು. ಬೀಡಿ ಆರಿಸಿದಳು. ಲಂಗ ಎತ್ತಿ ಕಟ್ಟಿದಳು. ನಮ್ಮ ಕಡೆಗೆ ನಡೆದುಕೊಂಡು ಬಂದಳು. ಹೌದು, ನಡೆದುಕೊಂಡು! ನೀರು ಅವಳ ಸೊಂಟ ದಾಟಲಿಲ್ಲ.

"ಏ ಬಾಬೂ," ಎಂದಳು ದೋಣಿಯ ಅಂಚು ಹಿಡಿದು, "ಕಾಲಿಲ್ಲವೇನು ನಿನಗೆ?"

ಅಂಕಲ್ ನಗತೊಡಗಿದರು. ಎದೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರ ಆಪರೇಷನ್ ನೆನೆದು ನನ್ನ ಜೀವ ಹಾರಿತು. "ಇಲ್ಲ ಬೇಟಾ, ಏನೂ ಆಗಿಲ್ಲ," ಎಂದರು ಉಸಿರೆಳೆದು, "ಆಸ್ಪತ್ರೆಯಿಂದ ಬಂದ ಮೇಲೆ ಇಷ್ಟು ನಕ್ಕಿದ್ದು ಇವತ್ತೇ." ಮುದುಕಿ ನಮ್ಮ ಮೂವರನ್ನೂ, ಬ್ಯಾಟರಿಯನ್ನೂ ಎಮ್ಮೆಯನ್ನು ಎಳೆದಂತೆ ಎಳೆದು ದಡಕ್ಕೆ ಮುಟ್ಟಿಸಿದಳು. ಚಿತ್ರಾನ್ನದ ಮೊದಲ ತಟ್ಟೆ ಅವಳಿಗೇ ಸಂದಿತು. ಕೊನೆಯದು ನನಗೆ. ತಳ ಹಿಡಿದದ್ದು.

ಮೋಟಾರನ್ನು ತೊಳೆದು ಒಣಗಿಸಿದಾಗ ಅದಕ್ಕೇನೂ ಆಗಿರಲಿಲ್ಲ. ನೀರಿಗೆಂದೇ ಮಾಡಿದ ಸಾಮಾನು ತಾನೆ. ಮುಂದಿನ ಭಾನುವಾರ ಅಪೂರ್ವಾ ಪುಸ್ತಕ ಓದಿ ಹೇಳಿದಳು, ವಸುಧಾ ಟವೆಲ್ಲಿಲ್ಲದೆ ತಿರುಪು ಬಿಗಿದು, ಕುಂಕುಮ ಒರೆಸಿ, ಸರಿಯಾದ ಕಡೆಗೆ ತಂತಿ ಕೊಟ್ಟಳು. ಅರ್ಧ ಗಂಟೆಯ ಕೆಲಸ! ದೋಣಿ ಮುಂದಕ್ಕೇ ಹೋಯಿತು. ಎಷ್ಟು ಮೆತ್ತಗೆ ಎಂದರೆ ದಡದ ಬೆಳ್ಳಕ್ಕಿಯೂ ಹಾರಲಿಲ್ಲ. ಅಂಕಲ್ ಬೆರಳುದ್ದದ ಮೀನೊಂದನ್ನು ಹಿಡಿದು, ಮಗುವಿನಂತೆ ಎತ್ತಿ ತೋರಿಸಿ, ಮತ್ತೆ ನೀರಿಗೆ ಬಿಟ್ಟರು.

ನನಗೂ ಒಂದು ಜವಾಬ್ದಾರಿ ವಹಿಸಲಾಗಿತ್ತು. ದಡದಲ್ಲಿ ಕೂತು ಎಲ್ಲರ ಚಪ್ಪಲಿ ಕಾಯುವುದು. ಅದನ್ನು ಲೋಪವಿಲ್ಲದೆ ನಿರ್ವಹಿಸಿದೆನೆಂದು ಹೆಮ್ಮೆಯಿಂದ ಹೇಳಬಲ್ಲೆ. ತೋಟದ ನಾಯಿ ಕಚ್ಚಿಕೊಂಡು ಓಡಿದ್ದು ಒಂದೇ ಒಂದು ಚಪ್ಪಲಿ.

ಅದೂ ನನ್ನದೇ!