ಎರಡನೇ ಬೀಗದ ಕೈ ಹೆರಿಗೆ ವಾರ್ಡಿಗೆ ಹೋದ ಕುರಿತು

ಜನನ–ಮರಣ ದಾಖಲೆಗಳ ಕಚೇರಿ, ಎರಡನೇ ಮಹಡಿ
ಸಂಖ್ಯೆ: ಜಮದಾ/ಒಟಿಪಿ/ಕೂಗು/07

ವಿಷಯ: ಖಾತೆ ತೆರೆಯಲು ಗುಪ್ತಪದದ ಜೊತೆಗೆ ಬೇಕಾಗುವ ಒಟಿಪಿಯನ್ನು ಇನ್ನು ಅವರವರ ಫೋನಿನಲ್ಲೇ ಪಡೆಯುವ ಬಗ್ಗೆ.

ಉಲ್ಲೇಖ: ರವಾನೆ ವಿಭಾಗದ ಗುಮಾಸ್ತೆಯವರ ರಜೆ ಅರ್ಜಿ.

1. ಕಚೇರಿಯ ಹದಿನೇಳು ಖಾತೆಗಳಿಗೂ ಸದರಿ ಗುಮಾಸ್ತೆಯವರ ಮೊಬೈಲ್ ನಂಬರನ್ನೇ ಜೋಡಿಸಲಾಗಿತ್ತು. ‘ಯಾರಿಗೆ ಬೇಕು ಆ ತಲೆನೋವು’ ಎಂಬುದೇ ಇದಕ್ಕೆ ಕಾರಣವೆಂದು ಕಡತದಿಂದ ಕಂಡುಬರುತ್ತದೆ. ಬಂದ ಒಟಿಪಿಯನ್ನು ಅವರು ಕೂತಲ್ಲಿಂದಲೇ ಕೂಗಿ ಹೇಳುತ್ತಿದ್ದರು. ಕೆಳಗಿನ ಮಹಡಿಯವರೂ ಬರೆದುಕೊಳ್ಳುತ್ತಿದ್ದರೆಂದು ತಿಳಿದುಬಂದಿದೆ.

2. ಕಳೆದ ಸೋಮವಾರ ಅವರು ಮಗಳ ಹೆರಿಗೆಗೆಂದು ಆಸ್ಪತ್ರೆಗೆ ತೆರಳಿದರು. ಕಚೇರಿಯಲ್ಲಿ ಉಳಿದ ಹದಿನಾರು ಮಂದಿ ಕೈಕಟ್ಟಿ ಕುಳಿತರು. ಕಿಟಕಿಯಾಚೆಯ ಸಾಲು ಬೆಳೆದು ಮೆಟ್ಟಿಲಿಳಿಯಿತು. ಅಷ್ಟರಲ್ಲಿ ಗುಮಾಸ್ತೆಯವರ ಫೋನಿಗೊಂದು ಒಟಿಪಿ, ಅದರ ಬೆನ್ನಿಗೇ ಒಂದು ಕರೆ: “ನಾನು ನಿಮ್ಮ ನಿರ್ದೇಶಕ. ಬೇಗ ನಂಬರ್ ಹೇಳಮ್ಮ.” ಅವರು ಹೇಳಲು ಬಾಯಿ ತೆರೆದರು. ಆದರೆ ನಿರ್ದೇಶಕರು ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ತಮ್ಮನ್ನು ‘ಅಮ್ಮ’ ಎಂದದ್ದಿಲ್ಲವೆಂಬುದು ನೆನಪಾಗಿ, ಕರೆಯನ್ನು ಕತ್ತರಿಸಿದರು.

3. ಅರ್ಧ ಗಂಟೆಯ ನಂತರ ಕರೆ ಮಾಡಿದವರು ನಿಜವಾದ ನಿರ್ದೇಶಕರೇ. ಅವರ ಫೋನಿನ ಚಾರ್ಜು ಮುಗಿದಿದ್ದ ಕಾರಣ ಸಾಲಿನಲ್ಲಿದ್ದವರೊಬ್ಬರ ಫೋನನ್ನು ಬಳಸಲಾಗಿತ್ತು. “ಬೆಳಗ್ಗಿಂದ ನೀವು ಎರಡನೇ ನಿರ್ದೇಶಕರು ಕಣ್ರೀ. ಇಡ್ರೀ ಫೋನು!” ಎಂಬ ಉತ್ತರ ದಾಖಲಾಗಿದೆ.

4. ತರುವಾಯ ನಿರ್ದೇಶಕರು ಖುದ್ದು ವಾರ್ಡಿಗೆ ಧಾವಿಸಿದರು. ಗುರುತಿನ ಚೀಟಿ ಕಚೇರಿಯ ಮೇಜಿನ ಮೇಲೇ ಉಳಿದಿದ್ದರಿಂದ, ಎಡಗಾಲಿನ ಬೂಟು ಕಳಚುವಷ್ಟರಲ್ಲೇ ದಾದಿ ಬಾಗಿಲಲ್ಲಿ ತಡೆದರು. ಪರದೆಯ ಹಿಂದಿನಿಂದ ಗುಮಾಸ್ತೆಯವರ ದನಿ ಬಂತು: “ನಮ್ಮ ಸಾರೇ ಆಗಿದ್ರೆ, ನನ್ನ ರಜೆ ಅರ್ಜಿ ಮೇಲೆ ಏನ್ ಬರೆದ್ರಿ, ಹೇಳಿ ನೋಡೋಣ?” ನಿರ್ದೇಶಕರು ಒಳಗಿನ ಬಾಣಂತಿಯರ ಮುಖ ನೋಡಿ, ದನಿ ತಗ್ಗಿಸಿ, “‘ಹೆರಿಗೆ ಮಗಳದ್ದು, ಇವರಿಗೇಕೆ ರಜೆ?’ ಅಂತ ಬರೆದಿದ್ದೆ” ಎಂದರು. ದೃಢೀಕರಣ ಪೂರ್ಣಗೊಂಡಿತು. ಮೊಮ್ಮಗಳನ್ನು ಎದೆಗವಚಿಕೊಂಡೇ ಹೊರಬಂದ ಗುಮಾಸ್ತೆಯವರು ಮೊದಲ ಕರೆಯ ಸಂಗತಿ ತಿಳಿಸಿದರು. ಒಟಿಪಿ ಬಂದಿದ್ದರಿಂದ ಗುಪ್ತಪದ ಕಳ್ಳನಿಗೆ ಮೊದಲೇ ಸಿಕ್ಕಿದೆಯೆಂದು ತಿಳಿದು, ಎಲ್ಲ ಗುಪ್ತಪದಗಳನ್ನೂ ಕೂಡಲೇ ಬದಲಾಯಿಸಲಾಯಿತು. ಊರಿನ ನಲವತ್ತು ವರ್ಷಗಳ ಹುಟ್ಟುಸಾವುಗಳು ಕಳ್ಳನ ಕೈಗೆ ಬೀಳದೆ ಉಳಿದವು.

5. ಆದ್ದರಿಂದ ಸಮಸ್ತ ಸಿಬ್ಬಂದಿಗೆ ಈ ಮೂಲಕ ಸೂಚಿಸುವುದೇನೆಂದರೆ:
(ಅ) ಪ್ರತಿಯೊಬ್ಬರೂ ತಮ್ಮ ಖಾತೆಗೆ ಸ್ವಂತ ಫೋನನ್ನೇ ಜೋಡಿಸತಕ್ಕದ್ದು.
(ಆ) ಒಟಿಪಿಯನ್ನು ಕೂಗುವುದು, ಗುನುಗುವುದು, ಬೆರಳೆತ್ತಿ ಸನ್ನೆ ಮಾಡುವುದನ್ನು ನಿಷೇಧಿಸಲಾಗಿದೆ.
(ಇ) ಕಂಪ್ಯೂಟರಿಗೆ ಅಂಟಿಸಿದ ಗುಪ್ತಪದದ ಚೀಟಿಗಳನ್ನು ಕೀಳತಕ್ಕದ್ದು. ಅವಕ್ಕೆ ಲ್ಯಾಮಿನೇಷನ್ ಮಾಡಿಸಿದವರು ಲಿಖಿತ ವಿವರಣೆ ನೀಡತಕ್ಕದ್ದು.
(ಈ) ನಿರ್ದೇಶಕರೆಂದು ಹೇಳಿಕೊಂಡು ಯಾರೇ ಒಟಿಪಿ ಕೇಳಿದರೂ ಬೈಯತಕ್ಕದ್ದು. ಕೇಳಿದವರು ನಿರ್ದೇಶಕರೇ ಆಗಿದ್ದಲ್ಲಿ, ‘ಸಾರ್’ ಸೇರಿಸಿ ಬೈಯತಕ್ಕದ್ದು.

6. ಗುಮಾಸ್ತೆಯವರ ರಜೆಯನ್ನು ಹದಿನೈದು ದಿನ ವಿಸ್ತರಿಸಲಾಗಿದೆ. ಅವರು ಕೇಳಿರಲಿಲ್ಲ.

ಸಹಿ/-
ನಿರ್ದೇಶಕರು (ನಿಜವಾದವರು)

ಪ್ರತಿಗಳು:
1. ಸೂಚನಾ ಫಲಕಕ್ಕೆ: ಈ ಸಲ ನೆಟ್ಟಗೆ ಅಂಟಿಸುವುದು.
2. ಹೆರಿಗೆ ವಾರ್ಡಿನ ದಾದಿಯವರಿಗೆ: ಹೊಸ್ತಿಲಲ್ಲಿ ಉಳಿದ ನಿರ್ದೇಶಕರ ಎಡಗಾಲಿನ ಬೂಟನ್ನು ಹಿಂದಿರುಗಿಸುವ ಕೋರಿಕೆಯೊಂದಿಗೆ.
3. ನವಜಾತ ಶಿಶುವಿಗೆ, ಅಜ್ಜಿಯವರ ಮೂಲಕ: ಜನನ ನೋಂದಣಿಯನ್ನು ನಿರ್ದೇಶಕರೇ ಸ್ವತಃ ಟೈಪು ಮಾಡುವರು. ಹೆಸರನ್ನು ನಿಧಾನವಾಗಿ ಆರಿಸಬಹುದು.